ಹಿಮ ನಿಲ್ಲದ ನೆಲ

ನೀರುನಾಯಿ ಕೆರೆ, ಲಾಲೋಂಡ್ ಊರಿನ ಮೂಲಕ
ಜನವರಿ 11, 2016

ತಮ್ಮ ಇಸಿಡೋರನಿಗೆ ಅಕ್ಕ ಡೆಲ್ವೀನಾಳ ಆಶೀರ್ವಾದ.

ಬದುಕಿದ್ದೀಯಾ ಮಾರಾಯ? ಕ್ರಿಸ್‌ಮಸ್ಸಿಗೆ ನೀನು ಕಳಿಸಿದ ಚರ್ಮದ ಕೈಚೀಲ ಬಂತು. ಕಾಡಿನಲ್ಲಿ ಬೋನು ಇಟ್ಟುಕೊಂಡು ಬದುಕುವವಳು ನಾನು, ಅದನ್ನು ಹೆಗಲಿಗೆ ಹಾಕಿಕೊಂಡು ಯಾವ ಸ್ಪ್ರೂಸ್ ಮರಕ್ಕೆ ತೋರಿಸಲಿ? ಈಗ ನಾಯಿ ಅದರ ಮೇಲೆ ಮಲಗುತ್ತದೆ. ಅದಕ್ಕಂತೂ ತುಂಬಾ ಇಷ್ಟವಾಗಿದೆ.

ಇಲ್ಲಿ ಫೋನು ಹಿಡಿಯುವುದಿಲ್ಲ ಎಂದು ನಿನಗೆ ಗೊತ್ತು. ಮೈದುನ ಅಲ್ಫೋನ್ಸ್ ನಿಮ್ಮ ಕಂಪನಿಯ ಎಣ್ಣೆ ಕಾರ್ಖಾನೆಗೆ ನೀರಿನ ಲಾರಿ ಓಡಿಸುವವನು, ವಾರಕ್ಕೊಮ್ಮೆ ಹಿಮಗಾಡಿಯಲ್ಲಿ ಬಂದು ಚಹಾ ಕುಡಿದು ಕಾಗದ ಒಯ್ಯುತ್ತಾನೆ. ಆದ್ದರಿಂದ ಇದು ನಿನಗೆ ಯಾವಾಗ ಸೇರುತ್ತದೋ ನಾನು ಹೇಳಲಾರೆ. ನನ್ನ ಮಗ ಡ್ವೇನ್ ಚೆನ್ನಾಗಿದ್ದಾನೆ. ಎಣ್ಣೆ ಬಾವಿಗಳ ಹತ್ತಿರ ಪಾಳಿ ಕೆಲಸ, ಹೊಟ್ಟೆ ಬಂದಿದೆ.

ವಿಷಯ ಏನೆಂದರೆ, ಅಮ್ಮನ ಮೇಲೆ ಹಿಮ ನಿಲ್ಲುತ್ತಿಲ್ಲ.

ಹೊಸ ವರ್ಷದ ದಿನ ಸಮಾಧಿಯ ಹತ್ತಿರ ಸಣ್ಣ ಬೆಂಕಿ ಮಾಡಿ ಅವಳ ಪಾಲನ್ನು ಅದಕ್ಕೆ ಉಣಿಸಿದೆ. ಒಣಗಿಸಿದ ಮೀನು, ಬ್ಯಾನಕ್ ರೊಟ್ಟಿ, ಒಂದು ಚಿಟಿಕೆ ಹೊಗೆಸೊಪ್ಪು. ಉಣಿಸುತ್ತಾ ಕೇಳಿದೆ, "ಅಮ್ಮಾ, ಅಲ್ಲಾದ್ರೂ ಬೆಚ್ಚಗಿದ್ದೀಯೇನೇ?" ನಿನಗೆ ನೆನಪಿರಬೇಕು, ಕೊನೆಯ ಎರಡು ವರ್ಷ ಅವಳು ಒಲೆಯನ್ನು ತಬ್ಬಿಕೊಂಡು ಕೂತಿರುತ್ತಿದ್ದಳು, ಮೂಳೆಯೊಳಗೆ ಹಿಮ ಕೂತಿದೆ ಎನ್ನುತ್ತಿದ್ದಳು. ಮರುದಿನ ಮೊಣಕಾಲುದ್ದ ಹಿಮ ಬಿತ್ತು. ಬೆಳಗ್ಗೆ ಹೋಗಿ ನೋಡಿದರೆ ಬೇಲಿಯ ಒಳಗೆ ಒಂದು ಎಸಳೂ ಇಲ್ಲ. ಒದ್ದೆ ಮಣ್ಣು, ಅದರ ಮೇಲೆ ಹಸಿರು ಹುಲ್ಲು. ಜನವರಿಯಲ್ಲಿ! ಕೈಗವಸು ತೆಗೆದು ಮುಟ್ಟಿದೆ. ಮಲಗಿರುವ ಮಗುವಿನ ಬೆನ್ನಿನಷ್ಟು ಬೆಚ್ಚಗಿತ್ತು.

ನಾನು ಅಲ್ಲೇ ಕುಳಿತು ಹೋ ಎಂದು ಅತ್ತುಬಿಟ್ಟೆ. ದುಃಖಕ್ಕಲ್ಲ. ಕೇಳಿದ್ದಕ್ಕೆ ಉತ್ತರ ಕೊಟ್ಟಳಲ್ಲಾ ಎಂದು. ನಾಯಿ ಮಾತ್ರ ಬೇಲಿಯ ಹತ್ತಿರ ಬರುವುದಿಲ್ಲ, ದೂರ ನಿಂತು ಕುಂಯ್‌ಗುಟ್ಟುತ್ತದೆ. ಅದಕ್ಕೆ ಅಮ್ಮ ಯಾವತ್ತೂ ಆಗಿಬರುತ್ತಿರಲಿಲ್ಲ ಬಿಡು.

ಒಮ್ಮೆ ಬಂದು ನೋಡು. ಕ್ಯಾಲ್ಗರಿಯಲ್ಲಿ ಗಾಜಿನ ಕಿಟಕಿಯ ಹಿಂದೆ ಕೂತು ಏನು ಸಾಧಿಸುತ್ತೀಯೋ ದೇವರಿಗೇ ಗೊತ್ತು.

ನಿನ್ನ ಅಕ್ಕ,
ಡೆಲ್ವೀನಾ


ಕ್ಯಾಲ್ಗರಿ
ಜನವರಿ 25, 2016

ಅಕ್ಕನಿಗೆ ನಮಸ್ಕಾರ.

ನಿನ್ನ ಕಾಗದ ಓದಿ ನಕ್ಕೆ. ಆಮೇಲೆ ಇನ್ನೊಂದು ಸಲ ಓದಿದೆ.

ಇಲ್ಲಿ ಎಲ್ಲರ ಮುಖವೂ ಗಂಟುಹಾಕಿಕೊಂಡಿದೆ. ಎಣ್ಣೆಯ ಬೆಲೆ ಪಾತಾಳಕ್ಕೆ ಇಳಿದಿದೆ. ಒಂದು ಪೀಪಾಯಿ ಎಣ್ಣೆ ತೆಗೆಯಲು ಮೂರು ಪೀಪಾಯಿ ನೀರನ್ನು ಹಬೆ ಮಾಡಿ ನೆಲದಡಿಗೆ ಇಳಿಸಬೇಕು, ಅದಕ್ಕೆ ಸುಡುವ ಅನಿಲದ ಖರ್ಚು, ಕೂಲಿ, ಸಾಗಣೆ ಎಲ್ಲಾ ಸೇರಿದರೆ ಮಾರಿದ ದುಡ್ಡು ಸಾಲುತ್ತಿಲ್ಲ. ಹಾಗಾದರೆ ನಿಲ್ಲಿಸಿಬಿಡಿ ಎನ್ನುತ್ತೀಯ. ನಿಲ್ಲಿಸುವ ಹಾಗಿಲ್ಲ. ನಮ್ಮೂರಿನ ಅಡಿಯಲ್ಲಿರುವುದು ಹರಿಯುವ ಎಣ್ಣೆಯಲ್ಲ, ಡಾಂಬರು, ತಣ್ಣಗಿದ್ದಾಗ ಕಲ್ಲು. ಒಂಬತ್ತು ವರ್ಷ ಹಬೆ ಕೊಟ್ಟು ಅದನ್ನು ಕರಗಿಸಿದ್ದೇವೆ. ಈಗ ಬಿಟ್ಟರೆ ಬಾಣಲೆಯಲ್ಲಿ ಆರಿದ ಕರಡಿ ಕೊಬ್ಬಿನ ಹಾಗೆ ಗಟ್ಟಿಯಾಗಿ ಕೂರುತ್ತದೆ, ಮತ್ತೆ ಮೊದಲಿನಿಂದ ಕಾಯಿಸಲು ಯಾರ ಹತ್ತಿರವೂ ಹಣವಿಲ್ಲ. ಆದ್ದರಿಂದ ನಷ್ಟ ಮಾಡಿಕೊಂಡೇ ಕಾಯಿಸುತ್ತಿರಬೇಕು. ದಿನಾ ಬೆಳಗ್ಗೆ ಯಾವ ಬಾವಿಗೆ ಎಷ್ಟು ಹಬೆ ಎಂದು ಹಂಚುವವನು ನಾನೇ. ಇದು ನನ್ನ ಸಾಧನೆ, ಕೇಳಿದೆಯಲ್ಲ.

ಅಮ್ಮನ ವಿಷಯ. ನನಗೆ ಸುಮ್ಮನೆ ಕುತೂಹಲ, ಬೇರೇನಿಲ್ಲ. ಹಿಮ ನಿಲ್ಲದ ಜಾಗ ಎಷ್ಟು ಅಗಲವಿದೆ? ದಿನದಿನಕ್ಕೆ ದೊಡ್ಡದಾಗುತ್ತಿದೆಯೇ? ಏನಾದರೂ ವಾಸನೆ ಬರುತ್ತಿದೆಯೇ? ನಾವು ಚಿಕ್ಕವರಿದ್ದಾಗ ಎಣ್ಣೆ ಹುಡುಕಲು ಸರ್ವೆಯವರು ನೆಲ ಕೊರೆದು ಬಿಟ್ಟುಹೋಗಿದ್ದ ಒಂದು ತೂತು ಇತ್ತಲ್ಲ, ನಾವು ಕಲ್ಲು ಹಾಕಿ ಸದ್ದು ಕೇಳುತ್ತಿದ್ದೆವು, ಅದು ಸಮಾಧಿಯಿಂದ ಎಷ್ಟು ದೂರ?

ಅಲ್ಲಿ ಹೆಚ್ಚು ಹೊತ್ತು ಕೂರಬೇಡ. ಚಳಿಗಾಲದಲ್ಲಿ ಒದ್ದೆ ನೆಲದಲ್ಲಿ ಕೂತರೆ ನಿನ್ನ ಮಂಡಿನೋವು ಹೆಚ್ಚಾಗುತ್ತದೆ.

ನಿನ್ನ
ಇಸಿಡೋರ್


ನೀರುನಾಯಿ ಕೆರೆ
ಫೆಬ್ರವರಿ 6, 2016

ತಮ್ಮಾ,

ಹಬೆ, ಪೀಪಾಯಿ, ಅನಿಲ ಎಂದು ಅರ್ಧ ಪುಟ ಬರೆದು ಕೊನೆಗೆ ಅಮ್ಮನ ಹತ್ತಿರ ಕೂರಬೇಡ ಎನ್ನುತ್ತೀಯ. ನಿನ್ನ ಮನಸ್ಸಿನಲ್ಲಿ ಏನಿದೆ ಎಂದು ನನಗೆ ಗೊತ್ತಾಗುವುದಿಲ್ಲವೇ? ಅವಳ ಮಣ್ಣಿಗೆ ನೀನು ಬರಲಿಲ್ಲ. ವಿಮಾನ ತಪ್ಪಿತು ಎಂದೆ. ಅದು ಇನ್ನೂ ಚುಚ್ಚುತ್ತಿದೆ, ಅದಕ್ಕೇ ಅವಳೆಂದರೆ ಹೆದರಿಕೆ. ಹೆದರಬೇಡ. ನಾನು ಯಾವತ್ತೋ ಮರೆತಿದ್ದೇನೆ, ಅವಳಂತೂ ನಿನ್ನ ಮೇಲೆ ಸಿಟ್ಟು ಮಾಡಿಕೊಂಡವಳೇ ಅಲ್ಲ.

ಕೇಳಿದ್ದಕ್ಕೆ ಉತ್ತರ. ಜಾಗ ದೊಡ್ಡದಾಗಿದೆ. ಮೊದಲು ಬೇಲಿಯೊಳಗಷ್ಟೇ ಇತ್ತು, ಈಗ ಕೆಳಗಿನ ತಗ್ಗಿನವರೆಗೂ ಕರಿ ನೆಲ. ಬೇಲಿಯ ಕಂಬಗಳು ಹೊರಕ್ಕೆ ವಾಲಿವೆ, ಒಳಗಿನಿಂದ ಯಾರೋ ಮೆಲ್ಲಗೆ ತಳ್ಳಿದ ಹಾಗೆ. ಮೊದಮೊದಲು ಕೊಳೆತ ಮೊಟ್ಟೆಯ ವಾಸನೆ ಇತ್ತು, ಈಗ ಅದೂ ಇಲ್ಲ. ಆ ತೂತು ಬೇಲಿಗೆ ಅಂಟಿಕೊಂಡೇ ಇದೆ. ಅಮ್ಮನಿಗೆ ಗುಂಡಿ ತೋಡುವಾಗ ಆ ಕಡೆ ಮಣ್ಣು ಮೆದು ಎಂದು ಅಲ್ಫೋನ್ಸನೇ ಅಲ್ಲಿ ಅಗೆದದ್ದು.

ಮೊನ್ನೆ ಒಂದು ಸೊಳ್ಳೆ ಕಚ್ಚಿತು. ಹೊರಗೆ ಉಗುಳಿದರೆ ಗಟ್ಟಿಯಾಗುವ ಚಳಿ, ಕೈ ಮೇಲೆ ಸೊಳ್ಳೆ. ಹೊಡೆಯಲು ಮನಸ್ಸಾಗಲಿಲ್ಲ, ನೋಡುತ್ತಾ ಕೂತೆ.

ಇನ್ನೊಂದು ಹೇಳುತ್ತೇನೆ, ಬೈಯಬೇಡ. ಡೇರೆಯನ್ನು ಬೇಲಿಯ ಪಕ್ಕದ ಎತ್ತರದ ಜಾಗದಲ್ಲಿ ಹಾಕಿಕೊಂಡು ಅಲ್ಲೇ ಮಲಗುತ್ತಿದ್ದೇನೆ. ಸೌದೆ ಬೇಕಿಲ್ಲ. ಮಂಡಿ ನೋವು ಹೇಳಹೆಸರಿಲ್ಲದೆ ಹೋಯಿತು. ಬೆಳಗ್ಗೆ ತಲೆ ಸ್ವಲ್ಪ ಭಾರವಾಗಿರುತ್ತದೆ, ಆದರೆ ನಿದ್ದೆ ಎಂದರೆ ನಿದ್ದೆ. ಕಿವಿ ನೆಲಕ್ಕಿಟ್ಟರೆ ಉಸಿರಾಡುವ ಸದ್ದು ಕೇಳುತ್ತದೆ. ಒಳಕ್ಕೆ, ಹೊರಕ್ಕೆ, ಮತ್ತೆ ಒಳಕ್ಕೆ. ಅವಳ ಪಕ್ಕದಲ್ಲಿ ಮಲಗಿದಾಗ ಕೇಳುತ್ತಿದ್ದುದೇ ಅದು.

ಮೊಲಗಳೂ ಬರುತ್ತಿವೆ. ಹೆಜ್ಜೆಗಳು ಕಾಡಿನಿಂದ ತಗ್ಗಿಗೆ ಇಳಿದಿರುತ್ತವೆ, ಹೊರಗೆ ಹೋದ ಹೆಜ್ಜೆ ಕಾಣುವುದಿಲ್ಲ. ನಿನ್ನೆ ನೋಡಿದರೆ ಹುಲ್ಲಿನ ಮೇಲೆ ಸಾಲಾಗಿ ಮಲಗಿದ್ದವು, ಒಂದು ನರಿಯೂ ಅವುಗಳ ನಡುವೆಯೇ ಮಲಗಿತ್ತು. ಮೈ ಮೇಲೆ ಗಾಯವಿಲ್ಲ, ರಕ್ತವಿಲ್ಲ. ಬೋನಿಲ್ಲದೆ, ಉರುಳಿಲ್ಲದೆ ಅಮ್ಮ ನನಗೆ ಕೊಟ್ಟದ್ದು. ತಗ್ಗಿನ ಅಂಚಿನಲ್ಲಿದ್ದ ಎರಡನ್ನು ಎತ್ತಿಕೊಂಡು ಬಂದು ಸಾರು ಮಾಡಿದೆ. ನಾಯಿ ಮೂಸಿ ನೋಡಿ ಬಿಟ್ಟು ಹೋಯಿತು, ಸೊಕ್ಕು ಬಂದಿದೆ ಅದಕ್ಕೆ.

ಡೆಲ್ವೀನಾ


ಕ್ಯಾಲ್ಗರಿ
ಫೆಬ್ರವರಿ 15, 2016

ಅಕ್ಕಾ,

ಈ ಕಾಗದವನ್ನು ನಾನು ಅಂಚೆಗೆ ಹಾಕುವುದಿಲ್ಲ. ನಿನಗೆ ಬರೆಯಬೇಕಾದ್ದನ್ನು ಒಮ್ಮೆಯಾದರೂ ಬರೆದು ನೋಡುತ್ತಿದ್ದೇನೆ, ಅಷ್ಟೆ.

ಅದು ಅಮ್ಮ ಅಲ್ಲ. ಅದು ನನ್ನ ಹಬೆ. ನಮ್ಮ ಬಾವಿಯ ಕೊಳವೆ ನಿನ್ನ ಗುಡಿಸಲಿನ ಅಡಿಯವರೆಗೂ ಅಡ್ಡಲಾಗಿ ಬಂದಿದೆ. ಡಾಂಬರಿನ ಮೇಲೆ ಜೇಡಿಮಣ್ಣಿನ ಗಟ್ಟಿ ಪದರವಿದೆ, ಅದೇ ಮುಚ್ಚಳ. ಆ ಹಳೆಯ ತೂತನ್ನು ಯಾರೂ ಸರಿಯಾಗಿ ಮುಚ್ಚಿಲ್ಲ. ಹಬೆ ಅದರೊಳಗೆ ದಾರಿ ಮಾಡಿಕೊಂಡು ಮೇಲೆ ಬರುತ್ತಿದೆ, ಜೊತೆಗೆ ವಿಷದ ಗಾಳಿಯೂ ಬರುತ್ತಿದೆ. ಕೊಳೆತ ಮೊಟ್ಟೆಯ ವಾಸನೆ ಬರುತ್ತಿದ್ದರೆ ಇನ್ನೂ ಕಾಲವಿದೆ ಎಂದರ್ಥ. ವಾಸನೆ ನಿಂತಿತು ಎಂದೆಯಲ್ಲ, ನಿಂತದ್ದು ವಾಸನೆಯಲ್ಲ, ನಿನ್ನ ಮೂಗು. ಆ ಗಾಳಿ ತಗ್ಗಿನಲ್ಲಿ ಕೂರುತ್ತದೆ. ಮೊಲಗಳು ಮಲಗಿರಲಿಲ್ಲ ಅಕ್ಕಾ. ನೀನು ಒಂದು ಮಾರು ಕೆಳಗೆ ಡೇರೆ ಹಾಕಿದ್ದರೆ ನನಗೆ ಆ ಕಾಗದ ಬರೆಯಲು ನೀನಿರುತ್ತಿರಲಿಲ್ಲ. ಒಂದು ದಿನ ನೆಲವೇ ಹಾರಿಹೋಗುತ್ತದೆ. ಯಾವತ್ತು ಎಂದು ಹೇಳಲು ಆಗುವುದಿಲ್ಲ.

ಇದನ್ನು ನಾನು ಒಂದು ಸಾಲಿನಲ್ಲಿ ಬರೆದು ಮೇಲಿನವರಿಗೆ ಕೊಟ್ಟರೆ ಸಾಕು. ಸರ್ಕಾರದವರು ಬಂದು ಹಬೆ ನಿಲ್ಲಿಸುತ್ತಾರೆ. ಆಮೇಲೆ? ಕಂಪನಿ ಈ ನಷ್ಟದ ಜಾಗವನ್ನು ಕೈಬಿಡಲು ನೆಪ ಹುಡುಕುತ್ತಾ ಕೂತಿದೆ. ಚಳಿಯಲ್ಲಿ ಹಬೆ ನಿಂತರೆ ಮೇಲಿನ ಕೊಳವೆಗಳು ಒಡೆಯುತ್ತವೆ, ಕೆಳಗಿನ ಡಾಂಬರು ಕಲ್ಲಾಗುತ್ತದೆ, ಲಾಲೋಂಡಿನಲ್ಲಿ ಮತ್ತೆ ಯಾರೂ ಹಬೆ ಹಾಕುವುದಿಲ್ಲ. ಡ್ವೇನನ ಕೆಲಸ, ಅಲ್ಫೋನ್ಸನ ಲಾರಿ, ಊರಿನ ಹೆಚ್ಚುಕಡಿಮೆ ಎಲ್ಲ ಮನೆಯ ಒಲೆ. ಅವರೆಲ್ಲ ಕಂಪನಿಗೆ ಒಪ್ಪಿಗೆ ಕೊಟ್ಟದ್ದು ನಮ್ಮ ಇಸಿಡೋರ್ ಅಲ್ಲಿದ್ದಾನೆ ಎಂಬ ಒಂದೇ ಮಾತಿನ ಮೇಲೆ.

ದಿನಾ ಸ್ವಲ್ಪಸ್ವಲ್ಪವೇ ಆ ಬಾವಿಯ ಹಬೆ ಕಡಿಮೆ ಮಾಡುತ್ತಿದ್ದೇನೆ. ಯಾರಿಗೂ ತಿಳಿಯದ ಹಾಗೆ. ಚಳಿಗಾಲ ಕಳೆಯುವಷ್ಟರಲ್ಲಿ ಒತ್ತಡ ಇಳಿದೀತು. ಅಷ್ಟು ದಿನ ನಿನ್ನನ್ನು ಅಲ್ಲಿಂದ ದೂರ ಇಡಬೇಕು. ನಿನಗೆ ನಿಜ ಬರೆದರೆ ನೀನು ಅದನ್ನು ಊರಿಗೆಲ್ಲ ಓದಿ ಹೇಳುತ್ತೀಯ. ಅಕ್ಕನ ಜೀವ ಒಂದು ಕಡೆ, ಊರಿನ ಅನ್ನ ಒಂದು ಕಡೆ ಇಟ್ಟುಕೊಂಡು ಕೂತಿದ್ದೇನೆ. ನನಗೆ ನಾಚಿಕೆಯಾಗುತ್ತಿದೆ.


ಕ್ಯಾಲ್ಗರಿ
ಫೆಬ್ರವರಿ 15, 2016

ಪ್ರೀತಿಯ ಅಕ್ಕನಿಗೆ,

ನಿನ್ನಿಂದ ಮುಚ್ಚಿಡಬಾರದು ಎಂದು ಬರೆಯುತ್ತಿದ್ದೇನೆ. ಅಮ್ಮ ನನ್ನ ಕನಸಿನಲ್ಲಿ ಬಂದಿದ್ದಳು.

ಆ ನೀಲಿ ತಲೆವಸ್ತ್ರ ಕಟ್ಟಿಕೊಂಡಿದ್ದಳು. ಬಾಗಿಲ ಹತ್ತಿರವೇ ನಿಂತಳು, ಒಳಗೆ ಬರಲಿಲ್ಲ. "ನನ್ನ ಹತ್ರ ಯಾರೂ ಬರಬೇಡಿ ಅಂತ ಅಕ್ಕಂಗೆ ಹೇಳು. ನಂಗೆ ಏನೂ ಬೇಡ. ನಾನು ಮಲಗಬೇಕು" ಎಂದಳು. ಮತ್ತೆ ಮತ್ತೆ ಅದನ್ನೇ ಹೇಳಿದಳು.

ನೀನು ಡೇರೆ ಕಿತ್ತು ಊರಿಗೆ ಹೋಗಿ ಡ್ವೇನನ ಮನೆಯಲ್ಲಿರು. ಅವಳ ಮಾತನ್ನು ಮೀರಬೇಡ. ಆ ಮೊಲಗಳನ್ನೂ ಮುಟ್ಟಬೇಡ, ಅವು ಅವಳವು.

ನಿನ್ನ
ಇಸಿಡೋರ್


ಲಾಲೋಂಡ್
ಫೆಬ್ರವರಿ 29, 2016

ನನ್ನ ಮುದ್ದು ತಮ್ಮಾ,

ನಿನ್ನ ಕಾಗದ ಎದೆಗೊತ್ತಿಕೊಂಡು ಊರಿಗೆ ಬಂದೆ. ನಿನ್ನ ಮಾತಿನಂತೆ ಡೇರೆ ಕಿತ್ತೆ, ಈಗ ಡ್ವೇನನ ಮನೆಯಲ್ಲಿದ್ದೇನೆ. ಸೊಸೆ ಒಳ್ಳೆಯವಳು, ಚಹಾ ಮಾತ್ರ ಕುದುರೆ ಮೂತ್ರದ ಹಾಗೆ ಮಾಡುತ್ತಾಳೆ.

ಮೂರು ವರ್ಷದಲ್ಲಿ ಅಮ್ಮ ನನ್ನ ಕನಸಿಗೆ ಒಂದು ದಿನವೂ ಬಂದವಳಲ್ಲ. ನಿನ್ನ ಹತ್ತಿರ ಬಂದಳು ಎಂದಾಗ ಮೊದಲು ಹೊಟ್ಟೆಯುರಿಯಿತು, ನಿಜ ಹೇಳುತ್ತೇನೆ. ಆಮೇಲೆ ಸಂತೋಷವಾಯಿತು. ಕಾಗದವನ್ನು ಸೆಲೆಸ್ಟಿನ್ ಚಿಕ್ಕಮ್ಮನಿಗೆ ಓದಿ ಹೇಳಿದೆ. ಕಣ್ಣು ಪೂರ್ತಿ ಹೋಗಿದೆ ಅವಳಿಗೆ, ಆದರೆ ಸತ್ತವರ ವಿಷಯದಲ್ಲಿ ಅವಳಷ್ಟು ತಿಳಿದವರು ಈಗ ಯಾರಿದ್ದಾರೆ? ಎರಡು ಸಲ ಓದಿಸಿಕೊಂಡು ನಕ್ಕಳು.

"ನಿನ್ನ ತಮ್ಮ ಪೇಟೇಲಿ ಇದ್ದೂ ಇದ್ದೂ ಎಲ್ಲ ಮರ್ತವ್ನೆ ಕಣೆ. ನಿಮ್ಮಮ್ಮ ಫಿಲೊಮೆನ್ ಬದುಕಿದ್ದಾಗ ಏನಂತಿದ್ಳು? ನಂಗೇನೂ ಬೇಡ, ಈಗಷ್ಟೇ ಉಂಡೆ, ನೀವು ತಿನ್ನಿ ಅಂತಿದ್ಳು. ಅವತ್ತೆಲ್ಲ ಅವ್ಳ ಹೊಟ್ಟೇಲಿ ಏನೂ ಇರ್ತಿರ್ಲಿಲ್ಲ. ಬೇಡ ಅಂದ್ಲು ಅಂದ್ರೆ ಹಸ್ದವ್ಳೆ. ಬಾಗ್ಲಲ್ಲೇ ನಿಂತ್ಲು ಅಂದ್ರೆ ನಾವು ಕರೀಬೇಕು."

ನಾನು ಹೇಗೆ ಮರೆತೆ ನೋಡು! ನಮ್ಮನ್ನು ಸಾಕಿದ ಆ ಚಳಿಗಾಲಗಳಲ್ಲಿ ಅವಳ ಬಾಯಲ್ಲಿ ಬೇಡ ಎನ್ನುವುದರ ಹೊರತು ಬೇರೆ ಮಾತಿತ್ತೇ? ಸತ್ತವರು ಬಾಯಿಬಿಟ್ಟು ಮಾತಾಡಿದರೆ ಅವರು ಇರುವ ಜಾಗದಲ್ಲೇ ಉಣಿಸಬೇಕು, ಒಬ್ಬರಲ್ಲ, ಎಲ್ಲರೂ. ಹಾಗಾಗಿ ಮಾರ್ಚ್ ಹನ್ನೆರಡು, ಶನಿವಾರ ಮಧ್ಯಾಹ್ನ ಇಡೀ ಊರು ಕೆರೆಗೆ ಹೋಗುತ್ತಿದೆ. ಮಕ್ಕಳುಮರಿ ಎಲ್ಲ. ಊಟಕ್ಕೆಂದು ಡ್ವೇನ್ ಒಂದು ಮೂಸ್ ಜಿಂಕೆ ಹೊಡೆದಿದ್ದಾನೆ. ಸಮಾಧಿಯ ಪಕ್ಕದ ತಗ್ಗಿನಲ್ಲಿ ಗಾಳಿ ಬೀಸುವುದಿಲ್ಲ, ಮೇಲಿನಿಂದ ಉರುಳಿಸಿ ಅಲ್ಲಿ ಆಳೆತ್ತರ ಸೌದೆ ಒಟ್ಟುತ್ತಿದ್ದೇವೆ. ಇಷ್ಟು ದೊಡ್ಡ ಬೆಂಕಿ ಈ ಕಡೆ ಯಾರೂ ಯಾರಿಗೂ ಮಾಡಿಲ್ಲ.

ಇದೆಲ್ಲಾ ನಿನ್ನಿಂದ ಆದದ್ದು. ಈ ಸಲ ವಿಮಾನ ತಪ್ಪಿಸಿಕೊಳ್ಳಬೇಡ.

ಡೆಲ್ವೀನಾ


ಕ್ಯಾಲ್ಗರಿ, ಕಚೇರಿ
ಮಾರ್ಚ್ 12, 2016, ಶನಿವಾರ ಮಧ್ಯಾಹ್ನ

ಅಕ್ಕಾ,

ನಿನ್ನ ಕಾಗದ ನಿನ್ನೆ ಸಂಜೆ ಕಚೇರಿಗೆ ಬಂದು ಮೇಜಿನ ಮೇಲೆ ಬಿದ್ದಿತ್ತು. ನಾನು ನೋಡಿದ್ದು ಈಗ, ಬೇರೆ ಕೆಲಸಕ್ಕೆಂದು ಬಂದಾಗ. ಓದಿ ಮುಗಿಸುವ ಮೊದಲೇ ಫೋನು ಎತ್ತಿಕೊಂಡೆ.

ಡ್ವೇನನ ಫೋನು ಸಿಗುತ್ತಿಲ್ಲ. ಅಲ್ಫೋನ್ಸನದೂ ಇಲ್ಲ. ಊರಿನ ಸಮುದಾಯ ಭವನದ ಫೋನು ರಿಂಗಾಗುತ್ತಲೇ ಇದೆ, ಎತ್ತುವವರಿಲ್ಲ. ಎಲ್ಲರೂ ಕೆರೆಯಲ್ಲಿದ್ದೀರಿ. ಬೆಂಕಿ ಹಚ್ಚಬೇಡಿ ಎಂದು ನಾನು ಈ ಗಾಜಿನ ಕೋಣೆಯಲ್ಲಿ ಗಟ್ಟಿಯಾಗಿ ಕೂಗಿದೆ. ಕಸ ಗುಡಿಸುವವನು ತಿರುಗಿ ನೋಡಿದ.

ಕಾರ್ಖಾನೆಗೆ ಫೋನು ಮಾಡಿ ಆ ಬಾವಿಯ ಹಬೆ ನಿಲ್ಲಿಸಿ ಎಂದೆ. ಒಂದು ಬಾವಿ ನಿಲ್ಲಿಸಲು ಮೇಲಿನವರ ಸಹಿ ಬೇಕು ಎಂದರು. ಅದು ನಿಜ, ಆ ನಿಯಮ ಮಾಡಿದವರಲ್ಲಿ ನಾನೂ ಒಬ್ಬ. ಇನ್ನೂ ಒಂದು ಕೇಳಿ ಗಾಬರಿಯಾದೆ. ನಾನು ಇಲ್ಲಿ ಕಡಿಮೆ ಮಾಡುತ್ತಿದ್ದ ಹಬೆಯನ್ನು ಅಲ್ಲಿನ ಪಾಳಿಯವರು ಮತ್ತೆ ಏರಿಸುತ್ತಿದ್ದರಂತೆ, ಎಣ್ಣೆ ಕಡಿಮೆಯಾದರೆ ತಮ್ಮ ತಲೆಗೆ ಬರುತ್ತದೆ ಎಂದು. ಒಂದು ತಿಂಗಳು ನಾನು ಯಾವ ನಂಬಿಕೆಯ ಮೇಲೆ ಸುಮ್ಮನಿದ್ದೆನೋ ಅದು ಇರಲೇ ಇಲ್ಲ.

ಇಡೀ ಕಾರ್ಖಾನೆ ನಿಲ್ಲಿಸಲು ಮಾತ್ರ ಯಾರ ಸಹಿಯೂ ಬೇಡ. ಜೀವಕ್ಕೆ ಅಪಾಯ ಎಂಬ ಒಂದು ಮಾತು ಸಾಕು. ನಾನು ಅದನ್ನು ಹೇಳಿದೆ. ಆ ಕಡೆ ಇದ್ದವನು, "ಸಾರ್, ಹೊರಗೆ ಮೈನಸ್ ಮೂವತ್ತಿದೆ. ನಿಲ್ಸಿದ್ರೆ ಇದು ಮತ್ತೆ ಏಳಲ್ಲ. ಗೊತ್ತಲ್ವಾ?" ಎಂದ. ಗೊತ್ತು, ನಿಲ್ಸು ಎಂದೆ. ನನ್ನ ಮುಂದಿನ ಪರದೆಯಲ್ಲಿ ಅಂಕೆಗಳು ಒಂದೊಂದಾಗಿ ಇಳಿದು ಸೊನ್ನೆಯಾದವು. ಇಬ್ಬರನ್ನು ಹಿಮಗಾಡಿಯಲ್ಲಿ ನಿಮ್ಮ ಕಡೆ ಕಳಿಸಿದ್ದಾರೆ, ಅವರು ಯಾವಾಗ ಮುಟ್ಟುತ್ತಾರೋ. ಹಬೆ ನಿಂತ ಮಾತ್ರಕ್ಕೆ ಕೆಳಗಿನ ಒತ್ತಡ ಈಗಿಂದೀಗ ಇಳಿಯುವುದಿಲ್ಲ. ತಗ್ಗಿನ ಗಾಳಿ ಅಲ್ಲೇ ಇರುತ್ತದೆ. ಕಡ್ಡಿ ಗೀರಿದರೆ ಸಾಕು.

ಇನ್ನು ಸುಳ್ಳು ಹೇಳುವುದಿಲ್ಲ. ಅಮ್ಮ ನನ್ನ ಕನಸಿಗೆ ಬಂದಿರಲಿಲ್ಲ. ನೆಲ ಬಿಸಿಯಾದದ್ದು ಹಬೆಯಿಂದ. ಮೊಲಗಳು ಸತ್ತದ್ದು ವಿಷದ ಗಾಳಿಯಿಂದ. ನಿನ್ನ ಮೊದಲ ಕಾಗದ ಓದಿದಾಗಲೇ ನನಗೆ ಅನುಮಾನವಿತ್ತು, ಎರಡನೆಯದಕ್ಕೆ ಖಾತ್ರಿಯಾಯಿತು. ಊರಿನ ಕೆಲಸ ಉಳಿಯಲಿ ಎಂದು, ನನ್ನದೂ ಉಳಿಯಲಿ ಎಂದು, ಅಮ್ಮನ ಬಾಯಲ್ಲಿ ನನ್ನ ಮಾತು ಇಟ್ಟೆ. ನಿನ್ನನ್ನು ಎಬ್ಬಿಸಲು ಅದೊಂದೇ ದಾರಿ ಎಂದುಕೊಂಡೆ. ಅವಳ ಬೇಡ ಎನ್ನುವುದರ ಅರ್ಥ ಮರೆತಿದ್ದೆ.

ಇದನ್ನು ಓದಲು ನೀನಿದ್ದೀಯೋ ಇಲ್ಲವೋ ಗೊತ್ತಿಲ್ಲದೆ ಬರೆಯುತ್ತಿದ್ದೇನೆ. ನನ್ನ ಫೋನು ಇನ್ನೂ ರಿಂಗಾಗಿಲ್ಲ.

ಇಸಿಡೋರ್


ಲಾಲೋಂಡ್
ಏಪ್ರಿಲ್ 3, 2016

ಇಸಿಡೋರ್,

ಬದುಕಿದ್ದೇನೆ. ಎಲ್ಲರೂ ಬದುಕಿದ್ದಾರೆ ಎಂದು ಡ್ವೇನ್ ನಿನಗೆ ಅವತ್ತೇ ಫೋನಿನಲ್ಲಿ ಹೇಳಿದನಂತೆ. ಹೇಗೆ ಎಂದು ಹೇಳಿರಲಾರ, ಅವನಿಗೆ ವಿವರಿಸಿ ಹೇಳಲು ಬರುವುದಿಲ್ಲ.

ಎಲ್ಲರೂ ಬೇಲಿಯ ಪಕ್ಕದ ಎತ್ತರದ ಜಾಗದಲ್ಲಿ ಸೇರಿದ್ದೆವು. ತಗ್ಗಿನಲ್ಲಿ ಸೌದೆ. ಅಲ್ಫೋನ್ಸ್ ಕಡ್ಡಿಪೆಟ್ಟಿಗೆ ಹಿಡಿದು ಇಳಿಯಲು ಹೊರಟಿದ್ದ. ಸೆಲೆಸ್ಟಿನ್ ಚಿಕ್ಕಮ್ಮ ತಟ್ಟೆ ಹಿಡಿದುಕೊಂಡು ಅಮ್ಮನ ಹೆಸರು ಕರೆಯುತ್ತಿದ್ದಳು. ಆಗ ಕಾರ್ಖಾನೆ ನಿಂತಿತು.

ಒಂಬತ್ತು ವರ್ಷದಿಂದ ಆ ಗುಂಯ್ ಎನ್ನುವ ಸದ್ದು ನಮ್ಮ ಕಿವಿಯಲ್ಲಿದೆ, ಇದೆ ಎಂಬುದೇ ಮರೆತುಹೋಗಿತ್ತು. ನಿಂತಾಗ ಕಿವುಡಾದೆವೇನೋ ಅನ್ನಿಸಿತು. ಮಕ್ಕಳು ಕಿವಿ ಮುಚ್ಚಿಕೊಂಡರು. ಅಲ್ಫೋನ್ಸ್ ಹೆಜ್ಜೆ ನಿಲ್ಲಿಸಿದ. ಆ ಮೌನದಲ್ಲಿ ಇನ್ನೊಂದು ಸದ್ದು ಕೇಳಿತು, ನಮ್ಮ ಕಾಲಡಿಯಿಂದ. ನಾನು ಡೇರೆಯಲ್ಲಿ ಕೇಳುತ್ತಿದ್ದ ಉಸಿರು ಅದು, ಆದರೆ ಈಗ ಒಳಕ್ಕೆ ಹೋಗುತ್ತಿರಲಿಲ್ಲ. ಬರೀ ಹೊರಕ್ಕೆ, ಹೊರಕ್ಕೆ. ಕಣ್ಣು ಕಾಣದ ಚಿಕ್ಕಮ್ಮನಿಗೇ ಮೊದಲು ತಿಳಿಯಿತು. ತಟ್ಟೆ ಕೈಬಿಟ್ಟು, "ಓಡ್ರೋ, ಅವ್ಳು ಎದ್ಲು" ಎಂದಳು.

ಮಕ್ಕಳನ್ನು ಎತ್ತಿಕೊಂಡು ಕೆರೆಯ ಮೇಲಿನ ಮಂಜುಗಡ್ಡೆಯವರೆಗೆ ಓಡಿದೆವು. ತಿರುಗಿ ನೋಡಿದಾಗ ಸಮಾಧಿ ಬೋರಲು ಹಾಕಿದ ಪಾತ್ರೆಯ ಹಾಗೆ ಉಬ್ಬಿತ್ತು. ಆಮೇಲೆ ನೆಲ ಬಾಯಿಬಿಟ್ಟಿತು. ಬಿಳಿ ಹಬೆ, ಕಲ್ಲು, ಕರಿ ಡಾಂಬರು, ಬೇಲಿಯ ಕಂಬಗಳು ಎಲ್ಲಾ ಮರಗಳಿಗಿಂತ ಮೇಲೆ. ಅಮ್ಮನೂ ಅದರಲ್ಲೇ ಇದ್ದಳು ಇಸಿಡೋರ್. ನಾವು ಅವಳಿಗೆ ಹೊದಿಸಿದ್ದ ಕಂಬಳಿಯ ಒಂದು ತುಂಡು ಮಂಜುಗಡ್ಡೆಯ ಮೇಲೆ ನನ್ನ ಮುಂದೆ ಬಂದು ಬಿತ್ತು, ಡಾಂಬರು ಮೆತ್ತಿಕೊಂಡು, ಇನ್ನೂ ಬಿಸಿಯಾಗಿ. ಕಾರ್ಖಾನೆಯ ಆ ಇಬ್ಬರು ಬಂದು ಮುಟ್ಟಿದ್ದು ಆಮೇಲೆ. ಅಲ್ಫೋನ್ಸನ ಕೈ ಬೆಂದಿದೆ. ನಾಯಿ ಸಿಗಲಿಲ್ಲ.

ಈಗ ಅಲ್ಲಿ ಕರಿ ಹೊಂಡ, ಸುತ್ತ ಕಂಪನಿಯ ತಂತಿ ಬೇಲಿ. ಕಾರ್ಖಾನೆ ಮತ್ತೆ ಏಳಲಿಲ್ಲ. ನೀನು ಹೇಳಿದ ಹಾಗೆಯೇ ಆಯಿತು, ಎಲ್ಲರಿಗೂ ಮನೆಗೆ ಹೋಗಿ ಎಂದರು. ಡ್ವೇನ್ ದಿನವಿಡೀ ಕಿಟಕಿಯ ಹತ್ತಿರ ಕೂತಿರುತ್ತಾನೆ. ಅದನ್ನು ತಾಳಿಕೊಳ್ಳುತ್ತೇವೆ. ಹಬೆ ಬರುವ ಮೊದಲೂ ನಾವು ಬದುಕಿದ್ದವರೇ.

ತಾಳಲಾಗದ್ದು ಬೇರೆ ಇದೆ, ಅದಕ್ಕೇ ಈ ಕಾಗದ.

ಊರಿನಲ್ಲಿ ನಿನ್ನನ್ನು ಹೊಗಳುತ್ತಿದ್ದಾರೆ. ಫಿಲೊಮೆನ್ ಮಗನ ಕನಸಿಗೆ ಬಂದು ಯಾರೂ ಬರಬೇಡಿ ಎಂದು ಎಚ್ಚರಿಸಿದಳು, ಅವನು ನಂಬಿದ, ಕಾರ್ಖಾನೆ ನಿಲ್ಲಿಸಿ ಊರು ಉಳಿಸಿದ ಎನ್ನುತ್ತಾರೆ. ನಾವು ಮಾತು ಮೀರಿ ಹೋದೆವು, ಅದಕ್ಕೇ ಅವಳು ಸಿಟ್ಟಾಗಿ ಎದ್ದು ಬಂದಳಂತೆ. ಹಬೆಯ ಒಳಗೆ ಅವಳು ನಿಂತದ್ದನ್ನು ಕಂಡೆ ಎಂದು ಚಿಕ್ಕಮ್ಮ ಆಣೆ ಹಾಕುತ್ತಾಳೆ. ಅವಳಿಗೆ ಕಣ್ಣೇ ಇಲ್ಲವಲ್ಲ ಎಂದು ಕೇಳಲು ಯಾರಿಗೂ ಧೈರ್ಯವಿಲ್ಲ. ಸಂಜೆಯಾದ ಮೇಲೆ ಯಾರೂ ಕೆರೆಯ ದಾರಿಯಲ್ಲಿ ಹೋಗುವುದಿಲ್ಲ. ಡ್ವೇನನ ಚಿಕ್ಕ ಮಗಳು ಮುತ್ತಜ್ಜಿಯ ಹೆಸರು ಕೇಳಿದರೆ ಮಂಚದಡಿ ನುಗ್ಗುತ್ತಾಳೆ. ಈಸ್ಟರ್ ದಿನ ಬೆಂಕಿಗೆ ಉಣಿಸುವಾಗ ಊರಿನ ಸತ್ತವರನ್ನೆಲ್ಲ ಒಬ್ಬೊಬ್ಬರಾಗಿ ಕರೆದರು. ಕುಡಿದು ರೈಲಿಗೆ ಸಿಕ್ಕಿ ಸತ್ತ ಆ ಹಳೇ ಮೋರಿನನನ್ನೂ ಕರೆದರು. ಅಮ್ಮನ ಹೆಸರು ಬರಲಿಲ್ಲ. ನಾನು ತಟ್ಟೆ ಹಿಡಿದುಕೊಂಡು ಕೊನೆಯವರೆಗೂ ನಿಂತಿದ್ದೆ.

ನಿನ್ನ ಕೊನೆಯ ಕಾಗದದಲ್ಲಿದ್ದುದನ್ನು ಎಲ್ಲರಿಗೂ ಹೇಳಿದೆ. ಕನಸು ಸುಳ್ಳು, ಅವಳು ಯಾರಿಗೂ ಬರಬೇಡ ಎಂದವಳಲ್ಲ, ಅದು ಬರೀ ಹಬೆ ಎಂದೆ. ಪಾಪ, ತಾಯಿಯ ಮಾನ ಉಳಿಸಲು ಒದ್ದಾಡುತ್ತಿದ್ದಾಳೆ ಎಂದು ನನ್ನ ಬೆನ್ನು ಸವರಿದರು. ಕಾಗದ ತೋರಿಸಿದರೆ ಕಂಪನಿಯವರು ಅವನಿಂದ ಹಾಗೆ ಬರೆಸಿದ್ದಾರೆ ಎಂದರು. ಕನಸು ಕಂಡೆ ಎಂದವನೇ ಬಂದು ಕಾಣಲಿಲ್ಲ ಎಂದು ಹೇಳಬೇಕು. ಬೇರೆ ಯಾರು ಹೇಳಿದರೂ ಆಗುವುದಿಲ್ಲ.

ನನ್ನನ್ನು ವಾರಗಟ್ಟಲೆ ಆ ನೆಲದ ಮೇಲೆ ಮಲಗಲು ಬಿಟ್ಟೆಯಲ್ಲ, ಅದನ್ನು ನಾನು ಇನ್ನೂ ಯೋಚಿಸಿಲ್ಲ. ಯೋಚಿಸಿದಾಗ ಏನಾಗುತ್ತದೋ ನೋಡೋಣ. ಈಗ ಅದಲ್ಲ. ನೀನು ಬಾ. ಭವನದಲ್ಲಿ ಎಲ್ಲರ ಎದುರು ನಿಂತು, ಅಮ್ಮ ಹಾಗೆ ಹೇಳಲಿಲ್ಲ, ನಾನೇ ಹೇಳಿದ್ದು, ಗೊತ್ತಿದ್ದೂ ಸುಮ್ಮನಿದ್ದೆ ಎಂದು ನಿನ್ನ ಬಾಯಿಂದ ಹೇಳು. ಆಮೇಲೆ ಅವರು ನಿನ್ನನ್ನು ಏನು ಮಾಡುತ್ತಾರೋ ನನಗೆ ಗೊತ್ತಿಲ್ಲ. ನಾನು ಅಡ್ಡ ಬರುವುದಿಲ್ಲ.

ಬೇಗ ಬಾ. ಯಾಕೆಂದರೆ ನಿನ್ನೆ ಸಂಜೆ ಮನೆಯಲ್ಲಿ ನಾನೊಬ್ಬಳೇ ಇದ್ದೆ. ಮೆಟ್ಟಿಲ ಮೇಲೆ ಯಾರೋ ಕಾಲಿನ ಹಿಮ ಕೊಡವಿಕೊಂಡ ಸದ್ದಾಯಿತು. ಆಮೇಲೆ ಏನೂ ಇಲ್ಲ. ಬಾಗಿಲು ತಟ್ಟಲಿಲ್ಲ, ಕರೆಯಲಿಲ್ಲ, ಹೊರಗೆ ನಿಂತೇ ಇದ್ದ ಹಾಗಿತ್ತು. ಯಾರಾದರೂ ಇರಬಹುದು, ಗಾಳಿಯೇ ಇರಬಹುದು. ಎದ್ದು ಹೋಗಿ, ಅಮ್ಮಾ ಬಾ, ಒಳಗೆ ಬೆಚ್ಚಗಿದೆ ಎನ್ನಬೇಕಿತ್ತು. ನಾನು ಎದ್ದು ಹೋಗಿ ಚಿಲಕ ಹಾಕಿದೆ.

ಡೆಲ್ವೀನಾ